ಬಾರದವರಿಗೆ ಸ್ವಾಗತ

ನನ್ನ ದನಿ ಚೆನ್ನಾಗಿದೆ ಎಂದು ಮೊದಲು ಒಪ್ಪಿಕೊಂಡವನು ನಾನೇ. ಊರವರು ಆಮೇಲೆ ಒಪ್ಪಿದರು. ನಿಂಬರ್ಗಾದ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಧ್ವಜಾರೋಹಣದ ದಿನ ಮೈಕ್ ಹಿಡಿದವನು, ನಿವೃತ್ತಿಯಾಗಿ ಆಳಂದಕ್ಕೆ ಬಂದು ಬಾಡಿಗೆ ಮನೆ ಹಿಡಿದ ಮೇಲೂ ಅದನ್ನು ಬಿಡಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನಾಲ್ಕು ಜನ ಮೆಚ್ಚುವಂಥ ಮದುವೆ ಎಂದರೆ ನಿರೂಪಣೆಗೆ ನನ್ನನ್ನೇ ಕರೆಯುತ್ತಿದ್ದರು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ. ಮಾತಿನ ಚಟವೆಲ್ಲ ಮಂಟಪದಲ್ಲಿ ತೀರುತ್ತಿತ್ತು. ಹಬ್ಬ ಬಂದರೆ ಬೇಸರವಾಗುತ್ತಿತ್ತು, ಲಗ್ನದ ದಿನಗಳು ಬಂದರೆ ಜೀವ ಬರುತ್ತಿತ್ತು.

ನಮ್ಮ ಕಡೆಯ ಮದುವೆ ನೋಡದವರಿಗೆ ಒಂದು ಮಾತು ಹೇಳಬೇಕು. ಅಕ್ಷತೆಯ ಅಕ್ಕಿಕಾಳು ಬೀಳುವ ಮೊದಲು, ಬಂದ ಹಿರಿಯರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು, ತಲೆಗೆ ಟೋಪಿ, ಹೆಗಲಿಗೆ ಟವೆಲ್ಲು, ಕೈಗೆ ತೆಂಗಿನಕಾಯಿ ಕೊಟ್ಟು ಮರ್ಯಾದೆ ಮಾಡುತ್ತಾರೆ. ಯಾರನ್ನು ಮೊದಲು ಕರೆದರು, ಯಾರನ್ನು ಮರೆತರು ಎಂಬುದರ ಮೇಲೆ ಮುರಿದುಬಿದ್ದ ಬೀಗತನಗಳನ್ನು ನಾನು ಕಂಡಿದ್ದೇನೆ. ಕೆಳಗಿನಿಂದ ಚೀಟಿ ಬರುತ್ತದೆ, ಅದರಲ್ಲಿರುವ ಹೆಸರನ್ನು ನಿರೂಪಕ ಕೂಗಬೇಕು. ದೊಡ್ಡವರು ಎಷ್ಟೋ ಸಲ ತಾವು ಬರುವುದಿಲ್ಲ, ತಮ್ಮನನ್ನೋ ಅಳಿಯನನ್ನೋ ಕಳಿಸುತ್ತಾರೆ. ಆಗ ಬೇರೆ ನಿರೂಪಕರು ‘ಇಂಥವರ ಪರವಾಗಿ ಅವರ ಸಹೋದರರು’ ಎನ್ನುತ್ತಿದ್ದರು. ನಾನು ಅನ್ನುತ್ತಿರಲಿಲ್ಲ. ‘ಪರವಾಗಿ’ ಎಂದ ಕೂಡಲೇ ಬೀಗರ ಮುಂದೆ ಹೆಣ್ಣಿನ ತಂದೆಯ ಮುಖ ಸಣ್ಣದಾಗುತ್ತದೆ. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರು ನನ್ನ ಬಾಯಲ್ಲಿ ಆಗಮಿಸಿಯೇ ಬಿಡುತ್ತಿದ್ದರು. ಒಂದು ಸಲ ಮಗ ಕೊಟ್ಟ ಚೀಟಿಯಲ್ಲಿ ತಂದೆಯ ಹೆಸರು ಕಂಡು ‘ಹಿರಿಯರು ದಯಮಾಡಿಸಿದ್ದಾರೆ’ ಎಂದು ಕೂಗಿದೆ. ಆ ಹಿರಿಯರು ತೀರಿಕೊಂಡು ವರ್ಷವಾಗಿತ್ತಂತೆ. ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು.

“ಮಾಸ್ತರ್ರು ಕರದ್ರಂದ್ರ ಮಣ್ಣಾಗಿಂದ ಎದ್ದು ಬರಬೇಕ್ರಿ!” ಎಂದು ಯಾರೋ ಕೂಗಿದರು. ನನಗೇನೂ ಅವಮಾನವಾಗಲಿಲ್ಲ. ಒಳಗೊಳಗೇ ಹಿಗ್ಗಿದೆ.

ಆಗ ನನಗಿದ್ದವನು ಒಬ್ಬನೇ ಗೆಳೆಯ. ಸರಸಂಬಾದವನು, ತೊಗರಿ ಬೆಳೆಯುತ್ತಿದ್ದ, ಆಳಂದದ ಪೇಟೆಯಲ್ಲಿ ಒಂದು ಸಣ್ಣ ಕಾಳಿನ ಅಂಗಡಿಯನ್ನೂ ಇಟ್ಟಿದ್ದ. ದಿನಾ ಸಂಜೆ ಐದಕ್ಕೆ ಬಂದು, ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ನಿಂತು, “ಲೇ ಮಾಸ್ತರ, ಬದಕೀಯೇನು?” ಎನ್ನುತ್ತಿದ್ದ. ಇಬ್ಬರೂ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿಯುತ್ತಿದ್ದೆವು. ಮಾತು ಹೆಚ್ಚಾಗಿ ಅವನದೇ. ಅವನೆದುರು ನಾನು ಕೇಳುವವನು. ಹೆಂಡತಿ ಹೋದ ಮೊದಲ ವರ್ಷ ಅವನೊಬ್ಬ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಅವನ ಮಗಳ ಮದುವೆ ಆಳಂದದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನಮ್ಮ ಭಾಗದ ಒಬ್ಬ ರಾಜಕೀಯ ಮುಖಂಡರು ಬರುತ್ತೇನೆಂದು ಮಾತು ಕೊಟ್ಟಿದ್ದರು. ಅವರ ಹೆಸರು, ಹುದ್ದೆ, ಪಕ್ಷ ಇಲ್ಲಿ ಬೇಡ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರನ್ನು ಕರೆಯಲು ನನ್ನ ಗೆಳೆಯ ಐದು ಸಲ ಅವರ ಮನೆ ಬಾಗಿಲಿಗೆ ಹೋಗಿದ್ದ. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿಗಿಂತ ಅವರ ಹೆಸರೇ ದಪ್ಪಕ್ಷರದಲ್ಲಿತ್ತು.

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸಾಹೇಬರ ತಮ್ಮ ಬಂದರು. ಅಣ್ಣನದೇ ಮೈಕಟ್ಟು, ಅಣ್ಣನಂಥದೇ ಬಿಳಿ ಅಂಗಿ. ಚೀಟಿಯನ್ನು ತಾವೇ ವೇದಿಕೆಗೆ ತಂದು ಕೊಟ್ಟರು. ಅವರ ಒಂದು ಕೈಯಲ್ಲಿ ಎರಡು ಫೋನುಗಳಿದ್ದವು. ಒಂದು ಸಾಹೇಬರದು, ಬಡಿದುಕೊಳ್ಳುತ್ತಲೇ ಇತ್ತು.

ನಾನು ಮೈಕಿಗೆ ಕೈ ಅಡ್ಡ ಹಿಡಿದು, “ಸಾಹೇಬ್ರು ಎಲ್ರಿ?” ಎಂದೆ.

“ಜೇವರ್ಗಿ ತ್ವಾಟದಾಗ ಅದಾರ್ರಿ. ಅಲ್ಲೊಂದು ಗದ್ದಲ ಆಗ್ಯಾದ, ಬರಾಕ ಆಗಂಗಿಲ್ಲ. ಹೆಸರು ಅವರದೇ ಕರೀರಿ ಮಾಸ್ತರ್ರೆ.”

ಅವರು ಹೇಳದಿದ್ದರೂ ನಾನು ಕರೆಯುವವನೇ. ಗೆಳೆಯನ ಮಗಳ ಮದುವೆ ಬೇರೆ. ಎದೆ ತುಂಬ ಉಸಿರು ತೆಗೆದುಕೊಂಡು, “ಈ ಶುಭ ಗಳಿಗೆಯಲ್ಲಿ, ನೂರು ಕೆಲಸಗಳನ್ನು ಬದಿಗಿಟ್ಟು, ಖುದ್ದಾಗಿ ಸಾಹೇಬರು ಆಗಮಿಸಿದ್ದಾರೆ! ಜೋರಾದ ಚಪ್ಪಾಳೆ!” ಎಂದು ಕೂಗಿದೆ. ಮಂಟಪ ಚಪ್ಪಾಳೆಯಿಂದ ತುಂಬಿತು. ಊಟದ ಮನೆಯಲ್ಲಿ ಗೋಧಿ ಹುಗ್ಗಿಯ ಹಂಡೆಯ ಹತ್ತಿರ ನಿಂತಿದ್ದ ನನ್ನ ಗೆಳೆಯ ಆ ಕೂಗು ಕೇಳಿ, ಕೈ ಒರೆಸಿಕೊಳ್ಳುತ್ತ ಓಡಿ ಬಂದ. ಅಷ್ಟರಲ್ಲಿ ಸಾಹೇಬರ ತಮ್ಮ ಟೋಪಿ ಹಾಕಿಸಿಕೊಂಡು, ಕಾಯಿ ಹಿಡಿದು ಕೆಳಗಿಳಿಯುತ್ತಿದ್ದರು. ವಿಡಿಯೋದವನ ಕ್ಯಾಮೆರಾಕ್ಕೆ ಸಿಕ್ಕದ್ದು ಒಂದು ಬಿಳಿ ಬೆನ್ನು. ಅದರ ಮೇಲೆ ನನ್ನ ದನಿ.

ನಾಲ್ಕೈದು ತಿಂಗಳ ಮೇಲೆ ಪೊಲೀಸರೊಬ್ಬರು ಮನೆಗೆ ಬಂದು ಮೊಬೈಲಿನಲ್ಲಿ ಆ ವಿಡಿಯೋ ತೋರಿಸಿದರು.

“ಈ ಆವಾಜ್ ನಿಮ್ಮದೇನ್ರಿ ಸರ?”

“ನಂದೇ ಬಿಡ್ರಿ. ಮತ್ಯಾರಿಗಿ ಬರ್ತದ ಹಿಂಗ?” ಎಂದೆ. ಹೆಮ್ಮೆ ನೋಡಿ! ಯಾಕೆ, ಏನು ಎಂದು ಕೇಳಲಿಲ್ಲ. ಅವರೂ ಅಷ್ಟೇ, ಸಾಹೇಬರು ಬಂದಿದ್ದರೇ ಎಂದು ಕೇಳಲಿಲ್ಲ. ದನಿ ನನ್ನದು ಎಂದು ಬರೆದಿದ್ದ ಕಾಗದಕ್ಕೆ ಸಹಿ ಮಾಡಿದೆ. ಮನೆಗೆ ಯಾರೋ ಬಂದರಲ್ಲ ಎಂಬ ಖುಷಿಗೆ ಚುರುಮುರಿ ನೆನೆಸಿ ಸುಸಲಾ ಮಾಡಿ ತಿನ್ನಿಸಿ ಕಳಿಸಿದೆ.

ಆ ಸಹಿಯ ಬೆಲೆ ತಿಳಿದದ್ದು ಗಾರೆ ಕೆಲಸದ ಗೌಂಡಿಯೊಬ್ಬ ಬಂದ ದಿನ. ಅಫಜಲಪುರ ತಾಲೂಕಿನ ಗೊಬ್ಬೂರಿನವನು, ಮುಸಲ್ಮಾನ, ನಲವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಸಿಮೆಂಟಿನ ಬಿರುಕು. ನಾನು ಕುರ್ಚಿ ತೋರಿಸಿದರೆ ಅವನು ಅದನ್ನು ಎತ್ತಿ ನನ್ನ ಆಚೆ ಬದಿಗಿಟ್ಟು ಕುಳಿತ.

“ಎಡಗಿವಿ ಕೇಳಂಗಿಲ್ರಿ ಸರ, ಅದಕ್ಕ ಈ ಕಡಿ ಕುಂತೇನಿ,” ಎಂದ.

ಊರ ಕೆರೆಯ ಮಣ್ಣನ್ನು ಸಾಹೇಬರ ಕಡೆಯವರು ಟಿಪ್ಪರುಗಳಲ್ಲಿ ಹೊತ್ತೊಯ್ಯುತ್ತಿದ್ದಾರೆ ಎಂದು ಅವನು ಅರ್ಜಿ ಕೊಟ್ಟಿದ್ದನಂತೆ. ನನ್ನ ಗೆಳೆಯನ ಮಗಳ ಮದುವೆಯ ದಿನ ಅವನನ್ನು ಜೇವರ್ಗಿಯ ತೋಟದ ಮನೆಗೆ ಕರೆಸಿ, ಅರ್ಜಿ ವಾಪಸು ತೆಗೆದುಕೋ ಎಂದರು. ಒಲ್ಲೆ ಎಂದದ್ದಕ್ಕೆ ಇಬ್ಬರು ಆಳುಗಳು ಹಿಡಿದುಕೊಂಡರು, ಸಾಹೇಬರು ತಾವೇ ಎದ್ದು ಬಂದು ಕಪಾಳಕ್ಕೆ ಬಾರಿಸಿದರು. ಕಿವಿಯ ತಮಟೆ ಹರಿಯಿತು. ಕೇಸಾಯಿತು. ತೋಟದ ಮನೆಯ ಕ್ಯಾಮೆರಾದ ಪೆಟ್ಟಿಗೆ ಪೊಲೀಸರು ಹೋಗುವುದರೊಳಗೆ ಕಾಣೆಯಾಯಿತು. ಸಾಹೇಬರ ಫೋನು ಆ ದಿನವೆಲ್ಲ ಆಳಂದದಲ್ಲೇ ಇತ್ತು ಎಂದು ಕಂಪನಿಯ ಕಾಗದ ಬಂತು. ಸಾಹೇಬರು ಜೇವರ್ಗಿ ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿ, ತಾನು ಆ ಹೊತ್ತಿಗೆ ಆಳಂದದ ಮದುವೆಯಲ್ಲಿದ್ದೆ ಎಂದರು. ನನ್ನ ಗೆಳೆಯನೂ ಪ್ರಮಾಣ ಮಾಡಿ ಹೌದು ಎಂದ. ಆಮೇಲೆ ಮದುವೆಯ ವಿಡಿಯೋ ಹಾಕಿ ನನ್ನ ದನಿ ಕೇಳಿಸಿದರು. ಸಾಹೇಬರ ಹೆಸರು ಕೇಸಿನಿಂದ ಬಿಟ್ಟುಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾನೆ, ಗೌಂಡಿಯನ್ನು ಜೈಲಿಗೆ ಹಾಕಬೇಕು ಎಂದು ಅವರ ವಕೀಲರು ಅರ್ಜಿ ಹಾಕಿದ್ದರು. ಸುಳ್ಳು ಹೇಳಿದ್ದು, ಸಾಕ್ಷ್ಯ ಅಡಗಿಸಿದ್ದು ಸಾಹೇಬರೇ ಎಂದು ಗೌಂಡಿಯ ವಕೀಲರೂ ಇನ್ನೊಂದು ಅರ್ಜಿ ಹಾಕಿದ್ದರು. ಎರಡೂ ಅರ್ಜಿ ಒಂದೇ ದಿನ ವಿಚಾರಣೆಗೆ ಬರಲಿದ್ದವು.

“ನಿಮ್ಮ ಆವಾಜ್ ನಾನೂ ಕೇಳಿದ್ನಿ ಸರ ಕೋರ್ಟಿನಾಗ,” ಎಂದ ಅವನು. “ಭಾಳ ಛಲೋ ಆವಾಜ್ ಅದರಿ ನಿಮ್ದು. ಆದ್ರ ಆ ಟೈಮಿಗೆ ಅವರ ಕೈ ನನ್ನ ಕಪಾಳದ ಮ್ಯಾಲ ಇತ್ತರಿ.”

ನಾನು ಚಹಾಕ್ಕಿಡಲು ಎದ್ದೆ.

“ನೀವು ಅವರಿಗೆ ಕಣ್ಣಿಲೆ ನೋಡೀರೇನ್ರಿ?”

ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. “ನನಗ್ಯಾಕ ಕೇಳ್ತೀಪಾ? ನಾ ಏನು ಸುಳ್ಳು ಸಾಕ್ಷಿ ಹೇಳೀನೇನು? ಆವಾಜ್ ನಂದು ಅಂತ ಸಹಿ ಮಾಡೀನಿ, ಅಷ್ಟ!” ಎಂದು ಗದರಿದೆ.

“ಹೌದ್ರಿ,” ಎಂದ ಅವನು, ಸ್ವಲ್ಪವೂ ವ್ಯಂಗ್ಯವಿಲ್ಲದೆ. “ನೀವು ಸುಳ್ಳು ಹೇಳಿಲ್ರಿ. ನಿಮ್ಮ ಗೆಳೆಯರೂ ಹೇಳಿಲ್ಲ. ಯಾರೂ ಹೇಳಿಲ್ರಿ. ನಾ ಒಬ್ಬನೇ ಸುಳ್ಳಾಂವ ಆಗೀನಿ. ಜೈಲಿಗೆ ಅಂಜಂಗಿಲ್ರಿ ಸರ. ಸುಳ್ಳಾಂವ ಅಂತ ಜೈಲಿಗೆ ಹೋಗಾಕ ಒಲ್ಲೆ ನಾ.”

ಒಂದು ಚೀಟಿಯಲ್ಲಿ ತನ್ನ ಫೋನ್ ನಂಬರು ಬರೆದಿಟ್ಟು ಎದ್ದ. ಚಹಾ ಬೇಡವೆಂದ.

ಅಂದು ಸಂಜೆ ಗೆಳೆಯನ ಎದುರು ಕುಳಿತು, ಬೇರೇನೋ ಮಾತಿನ ನಡುವೆ ತೂರಿಸಿದಂತೆ ಕೇಳಿದೆ. “ಅಲ್ಲೋ, ಮಗಳ ಮದಿವ್ಯಾಗ ಸಾಹೇಬ್ರು ಖರೇನೇ ಬಂದಿದ್ರೇನು?”

“ನಿನಗೇನು ಹುಚ್ಚ ಹಿಡದದ? ಕರದಾಂವ ನೀನೇ!”

“ನೀ ನೋಡಿದೇನು?”

“ನೋಡ್ಲಾರದ ಏನು? ಬಿಳಿ ಅಂಗಿ, ತಲಿ ಮ್ಯಾಲ ಟೋಪಿ. ಹೋಗೋ ಮುಂದ ನನಗ ಎರಡೂ ಕೈ ಮುಗದ್ರು.” ಹೇಳುವಾಗ ಅವನ ಮುಖ ಬೆಳಗಿತು. ನಟನೆಯಲ್ಲ. ಅವನನ್ನು ನಾನು ಬಲ್ಲೆ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಬೆಳೆ ಮಾರುವಾಗ ಕೂಡ.

ಮುಂದಿನ ವಾರವೆಲ್ಲ ಮದುವೆಗೆ ಬಂದಿದ್ದವರನ್ನು ಹುಡುಕಿ ಹುಡುಕಿ ಕೇಳಿದೆ. ಒಬ್ಬರಾದರೂ ‘ಇಲ್ರಿ, ಬಂದಿರಲಿಲ್ಲ’ ಎಂದರೆ ಸಾಕಿತ್ತು, ಅವರನ್ನೇ ಕೋರ್ಟಿಗೆ ಕಳಿಸಿ ನಾನು ಪಾರಾಗುತ್ತಿದ್ದೆ. ಎಲ್ಲರೂ ನೋಡಿದ್ದರು. ಒಬ್ಬಾತ ಸಾಹೇಬರ ಜೊತೆ ಮಾತಾಡಿದ್ದ. ಇನ್ನೊಬ್ಬಾತ, ಸಾಹೇಬರು ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡರು, ತುಪ್ಪ ಬೇಡವೆಂದರು ಎಂದ! ನಾನು ಕೂಗಿದ್ದನ್ನೇ ಅವರೆಲ್ಲ ಕಣ್ಣಾರೆ ಕಂಡಿದ್ದರು. ಅಷ್ಟು ದೊಡ್ಡ ಮಂಟಪದಲ್ಲಿ, ಬಂದಿರಲಿಲ್ಲ ಎಂದು ಗೊತ್ತಿದ್ದದ್ದು ಸಾಹೇಬರ ತಮ್ಮನಿಗೆ ಮತ್ತು ನನಗೆ. ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿಕೊಳ್ಳಲು ನನಗಿದ್ದ ಒಬ್ಬನೇ ಒಬ್ಬನಿಗೆ ಇದನ್ನು ಹೇಳುವಂತಿರಲಿಲ್ಲ.

ನಾನು ವಿಚಾರಿಸುತ್ತಿರುವ ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಒಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಎರಡು ಕಾರು ನಿಂತವು. ಸಾಹೇಬರು, ಈ ಸಲ ಖುದ್ದಾಗಿ, ನನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಂದು ಕುಳಿತರು. ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಹೇಳಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ವರ್ಷಗಟ್ಟಲೆ ಅತಿಥಿಗಳೇ ಬಾರದಿದ್ದ ಮನೆ ಅದು. ಇದ್ದ ಎರಡು ಒಳ್ಳೆಯ ಬಟ್ಟಲು ಹುಡುಕಿ ತೊಳೆದು ಚಹಾ ಕೊಟ್ಟೆ.

“ನಿಮ್ಮ ಮಾತಿಗಿ ಭಾರಿ ತಾಕತ್ತು ಅದ ನೋಡ್ರಿ ಮಾಸ್ತರ್ರೆ,” ಎಂದು ನಕ್ಕರು. “ನೀವು ಕರದ್ರಿ, ನಾ ಬಂದಂಗ ಆತು. ಮುಗೀತಲ್ಲ?”

ನಾನೂ ನಕ್ಕೆ. ನಗಬಾರದಿತ್ತು.

“ಬರೋ ವರ್ಷ ನಮ್ಮ ಮಗಳ ಲಗ್ನ ಕಲಬುರ್ಗಿಯಾಗ. ಊರೆಲ್ಲ ಬರ್ತದ. ಮೈಕ್ ನಿಮ್ಮ ಕೈಯಾಗ ಇರ್ಬೇಕು,” ಎಂದರು. ಎದ್ದು ಬಾಗಿಲ ತನಕ ಹೋದವರು ತಿರುಗಿ, “ಒಂದ ಮಾತು. ನಿಮ್ಮ ಗೆಳೆಯರು ಪ್ರಮಾಣ ಮಾಡಿ ಸಾಕ್ಷಿ ಹೇಳ್ಯಾರ. ನೀವು ಬ್ಯಾರೆ ಹೇಳಿದ್ರ ಸುಳ್ಳಿನ ಕೇಸು ಯಾರ ಮ್ಯಾಲ ಬೀಳ್ತದ, ವಿಚಾರ ಮಾಡ್ರಿ. ನನಗೇನು, ನನಗ ವಕೀಲರು ಅದಾರ,” ಎಂದರು.

ಕಾರುಗಳು ಹೋದ ಮೇಲೆ ಬಟ್ಟಲು ತೊಳೆಯುತ್ತ ಲೆಕ್ಕ ಹಾಕಿದೆ. ಒಂದು ಕಡೆ ಕಿವಿ ಕಳೆದುಕೊಂಡು ಸುಳ್ಳುಗಾರನಾಗಿ ನಿಂತ ಗೌಂಡಿ. ಇನ್ನೊಂದು ಕಡೆ ನನ್ನ ಗೆಳೆಯ. ಯಾರನ್ನು ಉಳಿಸಿದರೂ ಇನ್ನೊಬ್ಬನನ್ನು ನಾನೇ ಕೈಯಾರೆ ಹಿಡಿದು ಕೊಟ್ಟಂತೆ. ಮೂರು ದಿನ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ನಿರ್ಧಾರ ಮಾಡಿದೆ. ದೊಡ್ಡ ಧರ್ಮಬುದ್ಧಿಯಿಂದ ಮಾಡಿದೆ ಎಂದು ಬರೆದುಕೊಳ್ಳಬಹುದಿತ್ತು, ಆದರೆ ಅದೂ ಸುಳ್ಳೇ ಆದೀತು. ‘ನೀವು ಕರದ್ರಿ, ನಾ ಬಂದಂಗ ಆತು’ ಎಂದ ಆ ನಗು ತಲೆಯಿಂದ ಇಳಿಯಲಿಲ್ಲ. ನನ್ನ ಗಂಟಲನ್ನು ಆ ಮನುಷ್ಯ ತನ್ನ ಮನೆಯ ಗಂಟೆಯಂತೆ ಬಾರಿಸಿಕೊಂಡಿದ್ದ. ಥೂ ನಿನ್ನ, ಎಂದುಕೊಂಡು ಗೌಂಡಿಗೆ ಫೋನ್ ಹಚ್ಚಿ, “ಬರ್ತೇನಿ. ತಾರೀಖು ಹೇಳು,” ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಕೇಳದ ಕಿವಿಗೆ ಹಿಡಿದಿದ್ದಾನೋ ಏನೋ ಎಂದು ಮತ್ತೊಮ್ಮೆ ಕೂಗಿ ಹೇಳಿದೆ.

ಗೆಳೆಯನಿಗೆ ಮೊದಲೇ ಹೇಳಬೇಕಿತ್ತು. ಹೇಳಲೆಂದೇ ಅವನ ಅಂಗಡಿಗೆ ಹೋದೆ. ಅವನು ಯಾರದೋ ತೊಗರಿಯನ್ನು ಅಂಗೈಯಲ್ಲಿ ಹಿಡಿದು, ಊದಿ, ನಗುತ್ತ ಜಗಳಾಡುತ್ತಿದ್ದ. “ಏನ್ ಬಂದೀಪಾ ಹಗಲೊತ್ತಿನಾಗ?” ಎಂದ. ಒಂದು ಕಿಲೋ ಕಡಲೆಬೇಳೆ ಕೊಡು ಎಂದೆ. ಕಟ್ಟಿ ಕೊಟ್ಟ. ತೆಗೆದುಕೊಂಡು ಬಂದುಬಿಟ್ಟೆ. ನನ್ನಷ್ಟು ಹೇಡಿ ಆ ದಿನ ಆಳಂದದಲ್ಲಿ ಇನ್ನೊಬ್ಬನಿರಲಿಲ್ಲ.

ಕಲಬುರ್ಗಿಯಲ್ಲಿ ಬಸ್ ಬದಲಿಸಿ ಜೇವರ್ಗಿಗೆ ಹೋದೆ. ಕೋರ್ಟಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಮೈಕ್ ಇರಲಿಲ್ಲ. ದೇವರ ಮೇಲೆ ಪ್ರಮಾಣ ಮಾಡುವಾಗ ನನ್ನ ದನಿ ಒಡೆಯಿತು, ನ್ಯಾಯಾಧೀಶರು ‘ಜೋರಾಗಿ’ ಎಂದರು. ಜೀವಮಾನದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಗೌಂಡಿಯ ವಕೀಲರು ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂತೆ ಹೇಳಿದೆ. ಬಂದವರು ಸಾಹೇಬರ ತಮ್ಮ. ಅಣ್ಣ ಜೇವರ್ಗಿಯ ತೋಟದಲ್ಲಿದ್ದಾರೆ ಎಂದು ಅವರೇ ನನಗೆ ಹೇಳಿದರು. ಹೆಸರು ಮಾತ್ರ ನಾನು ಕೂಗಿದೆ. ಸಾಹೇಬರು ಬಂದಿರಲಿಲ್ಲ. ಗೌಂಡಿ ಬಾಗಿಲ ಹತ್ತಿರ ನಿಂತು, ಬಲಗಿವಿ ನನ್ನ ಕಡೆ ಮಾಡಿ ಕೇಳುತ್ತಿದ್ದ.

ಆಮೇಲೆ ಸಾಹೇಬರ ವಕೀಲರು ಎದ್ದರು. ಬಹಳ ಮರ್ಯಾದೆಯ ಮನುಷ್ಯ.

“ಗುರುಗಳೆ, ಬರಲಾರದವರಿಗೆ ‘ಬಂದಾರ’ ಅಂತ ಕರಿಯೋದು ಇದೇ ಮೊದಲ ಸಲ ಏನ್ರಿ?”

“ಅಲ್ರಿ.”

“ಎಷ್ಟು ಸಲ ಕರದೀರಿ?”

“ಲೆಕ್ಕ ಇಟ್ಟಿಲ್ರಿ.”

“ಸತ್ತವರಿಗೂ ಸ್ವಾಗತ ಮಾಡೀರಂತ, ಖರೇ ಏನ್ರಿ?”

ಕೋಣೆ ಗೊಳ್ಳೆಂದಿತು. ನ್ಯಾಯಾಧೀಶರ ಮೀಸೆಯೂ ಅಲುಗಿತು. ಮದುವೆ ಮಂಟಪದಲ್ಲಿ ಇದೇ ನಗುವಿಗಾಗಿ ನಾನು ಎಷ್ಟು ಒದ್ದಾಡುತ್ತಿದ್ದೆ! “ಒಂದು ಸಲ ಆಗ್ಯಾದ್ರಿ,” ಎಂದೆ.

“ಅಂದ್ರ ಸಾವಿರ ಜನರ ಮುಂದ ಸುಳ್ಳು ಹೇಳೋದು ನಿಮಗ ರೂಢಿ.”

“ಮರ್ಯಾದಿ ಸಲುವಾಗಿ ಹೇಳ್ತಿದ್ನಿರಿ.”

“ಯಾರದೇ ಸಲುವಾಗಲಿ. ರೂಢಿ ಹೌದೋ ಅಲ್ಲೋ?”

“ಹೌದ್ರಿ.”

“ಇವತ್ತು ಯಾರ ಮರ್ಯಾದಿ ಸಲುವಾಗಿ ಹೇಳಾಕತ್ತೀರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುಳಿತರು. ನನ್ನ ಹತ್ತಿರ ಉತ್ತರವಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಇಳಿಯಿರಿ ಎಂದರು.

ತಿಂಗಳ ಮೇಲೆ ಆದೇಶ ಬಂತು. ಗೌಂಡಿಯ ವಕೀಲರು ಓದಿ ಹೇಳಿದ್ದು ಇಷ್ಟು. ಈ ಸಾಕ್ಷಿದಾರ ಸುಳ್ಳು ಹೇಳುವುದನ್ನು ರೂಢಿ ಮಾಡಿಕೊಂಡವನು. ಮೈಕಿನಲ್ಲಿ ಆಡಿದ ಮಾತಾಗಲಿ, ಕಟಕಟೆಯಲ್ಲಿ ಆಡಿದ ಮಾತಾಗಲಿ ನಂಬಿಕೆಗೆ ಅರ್ಹವಲ್ಲ. ಆದುದರಿಂದ ವಿಡಿಯೋದ ದನಿಯನ್ನು ನಂಬಿ ಗೌಂಡಿಯನ್ನು ಸುಳ್ಳುಗಾರ ಎನ್ನಲಾಗದು. ಕಟಕಟೆಯ ಮಾತನ್ನು ನಂಬಿ ಸಾಹೇಬರನ್ನೂ, ಮದುವೆಯ ಯಜಮಾನರನ್ನೂ ಸುಳ್ಳುಗಾರರು ಎನ್ನಲಾಗದು. ಎರಡೂ ಅರ್ಜಿ ವಜಾ.

ಎಲ್ಲರೂ ಉಳಿದರು. ಸುಳ್ಳುಗಾರ ಎಂದು ಸರಕಾರಿ ಕಾಗದದಲ್ಲಿ ಬರೆಸಿಕೊಂಡವನು ನಾನೊಬ್ಬನೇ.

ಗೌಂಡಿ ಫೋನ್ ಮಾಡಿದ. “ನನಗ ಸುಳ್ಳಾಂವ ಅಂತ ಬರದಿಲ್ರಿ ಸರ!” ಎಂದು ಚಿಕ್ಕ ಮಗುವಿನ ಹಾಗೆ ಅತ್ತ. ಆಮೇಲೆ ದನಿ ತಗ್ಗಿಸಿ, “ನಿಮಗ ಬರದಾರ್ರಿ,” ಎಂದ.

“ಬರೀಲಿ ಬಿಡಪಾ. ನಿನಗ ಜೈಲು ತಪ್ಪಿತಲ್ಲ,” ಎಂದೆ. ಫೋನ್ ಇಟ್ಟ ಮೇಲೆ ಒಂದು ಗಳಿಗೆ ನಿಜವಾಗಿಯೂ ಹಗುರಾಯಿತು. ಸಾಹೇಬರನ್ನು ಮತ್ತೆ ಕೇಸಿಗೆ ಎಳೆಯಬೇಕು ಎಂದು ಅವನು ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಅದು ಇನ್ನೂ ನಡೆದಿದೆ.

ಆ ವರ್ಷದ ಲಗ್ನದ ದಿನಗಳು ಬಂದವು, ಹೋದವು. ನನಗೆ ಬಂದ ಫೋನು ಎರಡೇ, ಎರಡೂ ರಾಂಗ್ ನಂಬರು. ಒಬ್ಬರ ಜೊತೆಯಂತೂ ಐದು ನಿಮಿಷ ಮಾತಾಡಿದೆ, ಪಾಪ, ಸಿಡುಕಲಿಲ್ಲ. ಎದುರು ಓಣಿಯ ಮದುವೆಗೆ ಬೇರೊಬ್ಬ ನಿರೂಪಕ ಬಂದಿದ್ದ. ಕಿಟಕಿ ಹಾಕಿಕೊಂಡರೂ ಕೇಳುತ್ತಿತ್ತು. ಅವನು ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲದವನು. ಒಬ್ಬನೇ ಕುಳಿತು ಅವನ ತಪ್ಪುಗಳನ್ನು ತಿದ್ದುತ್ತ, ಗೋಡೆಗೆ ಹೇಳಿದೆ. ಮಾತಾಡದೆ ಮಾತಾಡದೆ ಬೆಳಿಗ್ಗೆ ಹಾಲಿನವಳಿಗೆ ‘ಅರ್ಧ ಲೀಟರ್’ ಎನ್ನುವಾಗ ಗಂಟಲು ಕಟ್ಟುತ್ತಿತ್ತು.

ಅದೆಲ್ಲ ತಡೆದುಕೊಳ್ಳಬಹುದಿತ್ತು. ಸಂಜೆ ಐದು ತಡೆದುಕೊಳ್ಳಲಾಗಲಿಲ್ಲ. ನಾನು ಸಾಕ್ಷಿ ಹೇಳಿದ ದಿನದಿಂದ ಗೆಳೆಯ ಹೊಸ್ತಿಲಿಗೆ ಬಂದಿರಲಿಲ್ಲ. ಆದೇಶ ಬಂದ ಮೇಲೆ, ಅವನಿಗೂ ತೊಂದರೆಯಿಲ್ಲ ಎಂದು ಗೊತ್ತಾದ ಮೇಲೆ, ಇಂದು ಬಂದಾನು ನಾಳೆ ಬಂದಾನು ಎಂದು ಕಾದೆ. ಕಡೆಗೆ ಒಂದು ರವಿವಾರ ಮಧ್ಯಾಹ್ನ ಬಸ್ ಹತ್ತಿ ಸರಸಂಬಾಕ್ಕೆ ನಾನೇ ಹೋದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕಂಬಳಿ ಹಾಸಿ ಕೂರಿಸಿದ, ಅವನ ಹೆಂಡತಿ ನೀರು ಕೊಟ್ಟು ಒಳಗೆ ಹೋದಳು. ಇಬ್ಬರೂ ಸ್ವಲ್ಪ ಹೊತ್ತು ಮಳೆ, ತೊಗರಿ ಎಂದೆವು. ಆಮೇಲೆ ಅವನು ಮೆಲ್ಲಗೆ, ನೆಲ ನೋಡುತ್ತ ಹೇಳಿದ:

“ಅಂವ ಗೌಂಡಿ ಪಾರಾದ, ಛಲೋ ಆತು. ಬಡವ. ಅದಕ್ಕ ನೀ ಹಂಗ ಹೇಳಿದಿ, ಇರ್ಲಿ. ನನಗ ತಿಳೀತದ. ಇಲ್ಲಿ ನಾವಿಬ್ಬರೇ ಇದ್ದೀವಿ, ಈಗರೆ ಖರೇ ಹೇಳು. ಬಂದಿದ್ರಲ್ಲ?”

ನಾನು ಅವನ ಮುಖ ನೋಡಿದೆ.

“ನೀ ಕರದಿ. ನಾ ಹುಗ್ಗಿ ಹಂಡೆ ಬಿಟ್ಟು ಓಡಿ ಬಂದೆ. ಬೀಗರೆಲ್ಲ ನಿಂತು ನೋಡಾಕತ್ತಿದ್ರು. ಅಂಥಾ ದೊಡ್ಡ ಮನಷ್ಯಾ ಎರಡೂ ಕೈ ಜೋಡಿಸಿ ನನಗ ಮುಗದ್ರೋ. ಅವತ್ತಿಂದ ನನ್ನ ಮಗಳಿಗಿ ಆ ಮನ್ಯಾಗ ಒಂದು ಮಾತು ಅಂದಿಲ್ಲ ಯಾರೂ. ನನ್ನ ಜನ್ಮದಾಗ ಅದೊಂದೇ ದಿನ ಮಾರಾಯ. ಬಂದಿದ್ರು ಅಂತ ಒಂದ ಸಲ ಹೇಳು, ನಾಳಿಂದ ಚಹಾಕ್ಕ ಬರ್ತೇನಿ.”

ಹೇಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಗೌಂಡಿ ಪಾರಾಗಿದ್ದ. ಅಲ್ಲಿ ಕೋರ್ಟಿರಲಿಲ್ಲ, ಪ್ರಮಾಣವಿರಲಿಲ್ಲ. ಇಂಥ ಒಂದು ಮಾತನ್ನು ನಾನು ಮಂಟಪ ಮಂಟಪದಲ್ಲಿ ಪುಕ್ಕಟೆ ಹಂಚಿದ್ದೆ. ಅವನು ಕಾಯುತ್ತಿದ್ದ, ನನಗೂ ಅವನಿಲ್ಲದೆ ಬದುಕಲು ಬರುತ್ತಿರಲಿಲ್ಲ.

“ಇಲ್ಲೋ. ಅವರ ತಮ್ಮ ಬಂದಿದ್ದ,” ಎಂದೆ.

ಅವನು ತಲೆಯಾಡಿಸಿದ. “ಆತು ಬಿಡು,” ಎಂದು ಎದ್ದು ಒಳಗೆ ಹೋದ. ನಾನು ತುಸು ಹೊತ್ತು ಕಂಬಳಿಯ ಮೇಲೆ ಕುಳಿತೇ ಇದ್ದೆ. ಅವನ ಹೆಂಡತಿ ಹೊರಗೆ ಬಂದು, ಅವರಿಗೆ ಮೈ ಆರಾಮಿಲ್ಲ, ಮಲಗಿದ್ದಾರೆ ಎಂದಳು. ಮೂರೂವರೆಯ ಬಸ್ಸಿತ್ತು. ಹತ್ತಿ ಬಂದೆ. ಎರಡು ವರ್ಷವಾಯಿತು, ಅವನು ಬಂದಿಲ್ಲ.